ಸಿರಿಂಜಿನಲ್ಲಿ ನೀರು ಕುದಿಸಿ ನೋಡಿ: ಭೂಮಿಯ ನೀರು ದ್ರವವಾಗಿರುವುದೇಕೆ?

ಭೂಮಿಯಲ್ಲಿ ನೀರು ದ್ರವರೂಪದಲ್ಲಿ ಇರುವುದೇಕೆ ಎಂದು ಕೇಳಿದರೆ ‘ಸೂರ್ಯನಿಂದ ಸರಿಯಾದ ದೂರದಲ್ಲಿದ್ದೇವೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಉತ್ತರ ಮಾತ್ರ. ಚಂದ್ರನೂ ಸೂರ್ಯನಿಂದ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿದ್ದಾನೆ, ಆದರೆ ಅಲ್ಲಿ ನೀರು ಹರಿಯುವುದಿಲ್ಲ. ಉಳಿದರ್ಧ ಉತ್ತರ ಗಾಳಿಯ ಒತ್ತಡದಲ್ಲಿದೆ. ಅದನ್ನು ಕಣ್ಣಾರೆ ಕಾಣಲು ಒಂದು ಸಿರಿಂಜ್ ಸಾಕು.

ಹೊಸ, 20 ಮಿ.ಲೀ. ಸಿರಿಂಜ್ ತೆಗೆದುಕೊಳ್ಳಿ. ಸೂಜಿ ಬೇಡವೇ ಬೇಡ. ಪ್ಲಂಜರ್ (ಒಳಗೆ ಜಾರುವ ದಂಡ) ತುದಿಯಲ್ಲಿ ರಬ್ಬರ್ ಇರಲೇಬೇಕು. ಬರೀ ಪ್ಲಾಸ್ಟಿಕ್ಕಿನದಾದರೆ ಎಳೆಯುವಾಗ ಅಂಚಿನಿಂದ ಗಾಳಿ ನುಸುಳುವ ಸಾಧ್ಯತೆ ಹೆಚ್ಚು. ದೊಡ್ಡದಿದ್ದರೆ ಚೆನ್ನಾಗಿ ಕಾಣುತ್ತದೆಂದು 50 ಮಿ.ಲೀ.ಗೆ ಹೋಗಬೇಡಿ. 20 ಮಿ.ಲೀ.ಗೆ ಸುಮಾರು 3 ಕಿಲೋ ಎತ್ತುವಷ್ಟು ಬಲ ಸಾಕು, 50 ಮಿ.ಲೀ.ಗೆ ಅದರ ಸರಿಸುಮಾರು ದುಪ್ಪಟ್ಟು ಬೇಕು.

1. ನೀರನ್ನು ಐದು ನಿಮಿಷ ಕುದಿಸಿ, 50 ಡಿಗ್ರಿಗೆ ಆರಲು ಬಿಡಿ. ಕುದಿಸಿದರೆ ಕರಗಿರುವ ಗಾಳಿ ಹೊರಹೋಗುತ್ತದೆ. ಮಕ್ಕಳಿದ್ದರೆ ಈ ಕೆಲಸ ದೊಡ್ಡವರೇ ಮಾಡಲಿ.

2. ಸಿರಿಂಜಿಗೆ 5 ಮಿ.ಲೀ. ಎಳೆದುಕೊಳ್ಳಿ.

3. ಪ್ರಯೋಗ ಕೆಡುವುದು ಇಲ್ಲೇ, ಗಾಳಿ ಹೊರಹಾಕುವಾಗ. ಮೂತಿ ಮೇಲಕ್ಕಿರಲಿ. ಕೆಲವು ಸಿರಿಂಜುಗಳ ಮೂತಿ ನಡುವಿನಲ್ಲಿರದೆ ಒಂದು ಬದಿಗಿರುತ್ತದೆ. ಹಾಗಿದ್ದರೆ ಮೂತಿಯೇ ಎಲ್ಲಕ್ಕಿಂತ ಎತ್ತರಕ್ಕೆ ಬರುವಂತೆ ಓರೆ ಹಿಡಿಯಿರಿ, ಇಲ್ಲವಾದರೆ ಗುಳ್ಳೆ ಸಿರಿಂಜಿನ ‘ಭುಜ’ದಲ್ಲಿ, ಅಂದರೆ ಮೂತಿಯ ಬುಡದ ಅಗಲ ಭಾಗದಲ್ಲಿ, ಸಿಕ್ಕಿಕೊಳ್ಳುತ್ತದೆ. ರಬ್ಬರಿನ ಸುತ್ತ ಅಂಟಿದ ಸಣ್ಣ ಗುಳ್ಳೆಗಳು ಏಳುವವರೆಗೆ ಉಗುರಿನಿಂದ ತಟ್ಟುತ್ತಿರಿ. ಮೂತಿಯಿಂದ ಒಂದು ಹನಿ ನೀರು ಉಕ್ಕುವ ತನಕ ಪ್ಲಂಜರ್ ನಿಧಾನ ಒತ್ತಿ. 1 ಮಿ.ಲೀ. ಗಾಳಿ ಉಳಿದರೂ ಸಾಕು, ನೀವು ಎಳೆದಾಗ ಆ ಗಾಳಿಯೇ ಹಿಗ್ಗಿ ನೀರನ್ನು ಒತ್ತುತ್ತಿರುತ್ತದೆ, ಕುದಿಯಲು ಬಿಡುವುದಿಲ್ಲ.

4. ಹನಿ ಇರುವಾಗಲೇ ಮೂತಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಪ್ಲಂಜರನ್ನು 15ರ ಗೆರೆಯವರೆಗೆ ಎಳೆದು ಹಿಡಿಯಿರಿ. 50 ಡಿಗ್ರಿಯ ನೀರು ಕೊತಕೊತ ಕುದಿಯುತ್ತದೆ! ಆ ಶಾಖದಲ್ಲಿ ನೀರಾವಿಯ ಒತ್ತಡ ವಾತಾವರಣದ ಒತ್ತಡದ ಎಂಟನೇ ಒಂದು ಭಾಗದಷ್ಟಿರುತ್ತದೆ. ಒಳಗಿನ ಒತ್ತಡ ಅಲ್ಲಿಗಿಳಿದರೆ ನೀರು ಕುದಿಯಲೇಬೇಕು.

5. ಬೆರಳು ತೆಗೆಯದೆ ಪ್ಲಂಜರ್ ಸಡಿಲಬಿಡಿ. ಗುಳ್ಳೆ ಪೂರ್ತಿ ಮಾಯವಾದರೆ ಅದು ಆವಿ. ಉಳಿದುಕೊಂಡರೆ ಅದು ಗಾಳಿ, ಅದನ್ನು ಹೊರಹಾಕಿ ಮೂರನೇ ಹಂತದಿಂದ ಮತ್ತೆ ಮಾಡಿ. ತಣ್ಣೀರಿನಲ್ಲೇ ಮಾಡುವ ಅಡ್ಡದಾರಿ ಬೇಡ, ಅದರಲ್ಲೇಳುವ ಚಿಕ್ಕ ಗುಳ್ಳೆಗಳು ಹೆಚ್ಚಾಗಿ ಕರಗಿದ ಗಾಳಿಯವು.

ಒತ್ತಡ ಇಳಿಯುತ್ತಾ ಹೋದರೆ ನೀರು ದ್ರವವಾಗಿರಲು ಒಂದು ಕೆಳಗಡಿಯೂ ಇದೆ. ಒತ್ತಡ ಸುಮಾರು 611 ಪಾಸ್ಕಲ್‌ಗಿಂತ ಕೆಳಗಿಳಿದರೆ ಶುದ್ಧ ನೀರು ಯಾವ ಶಾಖದಲ್ಲೂ ದ್ರವವಾಗಿ ನೆಲೆನಿಲ್ಲದು. ಮಂಜುಗಡ್ಡೆ ಕರಗದೆ ನೇರ ಆವಿಯಾಗುತ್ತದೆ. ಮಂಗಳನ ನೆಲದ ಒತ್ತಡ ಈ ಗಡಿಯ ಆಸುಪಾಸಿನಲ್ಲೇ ಇದೆ. ನಮ್ಮ ಸಮುದ್ರಮಟ್ಟದಲ್ಲಿ ಅದು 1,01,325 ಪಾಸ್ಕಲ್. ಹಾಗಾಗಿ ನೀರಿಗೆ 0ಯಿಂದ 100 ಡಿಗ್ರಿಯವರೆಗೆ ದ್ರವವಾಗಿರಲು ಅವಕಾಶ ಸಿಕ್ಕಿದೆ. ನಮ್ಮನ್ನು ಆ ಶಾಖದೊಳಗೆ ಹಿಡಿದಿಡುವುದರಲ್ಲೂ ಗಾಳಿಯ ಪಾಲು ದೊಡ್ಡದು. ಹಸಿರುಮನೆ ಅನಿಲಗಳು ಇಲ್ಲದೇ ಹೋಗಿದ್ದರೆ, ಸೂರ್ಯನಿಂದ ಇದೇ ದೂರದಲ್ಲಿದ್ದರೂ ಭೂಮಿಯ ಸರಾಸರಿ ಶಾಖ ಈಗಿನ 15ರ ಬದಲು ಮೈನಸ್ 18 ಡಿಗ್ರಿಯ ಸುತ್ತಮುತ್ತ ಇರುತ್ತಿತ್ತು.