ಡೇನಿಯಲ್ ಬೂನ್‌ನ ಮನೆಯ ಲೆಕ್ಕ: ನನ್ನ ಅನುಭವ

ನಾವು ಕೆಂಟಕಿಯ ಲೆಕ್ಸಿಂಗ್ಟನ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ರಸ್ತೆಗೆ, ಶಾಲೆಗೆ, ಅಂಗಡಿಗೆ, ಪೂರ್ವದ ದೊಡ್ಡ ಕಾಡಿಗೂ ಡೇನಿಯಲ್ ಬೂನ್‌ನದೇ ಹೆಸರು. ಹದಿನೆಂಟನೇ ಶತಮಾನದಲ್ಲಿ ಬಿಳಿಯ ವಲಸಿಗರನ್ನು ಕೆಂಟಕಿಗೆ ಕರೆತಂದ ಬೇಟೆಗಾರ ಅವನು. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವನ ಮೇಲೆ ಒಂದು ಚಾರ್ಟ್ ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಅರ್ಧ ಬರೆದವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಅಮ್ಮಾ, ಇವ್ನು ಯಾವಾಗ್ಲೂ ಕಾಡಲ್ಲೇ ಇರ್ತಿದ್ದ ಅಂತಾರೆ. ಹತ್ತು ಮಕ್ಕಳಂತೆ. ಅವ್ರನ್ನೆಲ್ಲ ಯಾರು ನೋಡ್ಕೊತಿದ್ರು?"

ಚಾರ್ಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಈಗ ಹೈಸ್ಕೂಲು ಮುಗಿಸುತ್ತಿದ್ದಾಳೆ, ನಾನು ಇನ್ನೂ ಆ ಪ್ರಶ್ನೆಯ ಹಿಂದೆಯೇ ಇದ್ದೇನೆ. ಇತಿಹಾಸ ನನ್ನ ಓದಿನ ವಿಷಯವಲ್ಲ, ಓದಿದ್ದು ಬಿ.ಕಾಂ. ಆದರೂ ಒಂದು ಕುಟುಂಬದ ಬದುಕನ್ನು ಹಳೆಯ ಕಾಗದಪತ್ರಗಳಿಂದ ಜೋಡಿಸುವುದು ಹೇಗೆ ಎಂದು ಹಲವರು ಕೇಳುತ್ತಾರೆ. ನಾನು ಮಾಡಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದೆ. ಪ್ರತಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಹೊರಗೆ', ಬಲಕ್ಕೆ 'ಮನೆ' ಎಂದು ಬರೆದೆ. ಬೇಟೆ, ಯುದ್ಧ, ಜಮೀನು, ಕೋರ್ಟು ಎಡಕ್ಕೆ. ಮದುವೆ, ಹೆರಿಗೆ, ಸಾವು, ಊರು ಬಿಟ್ಟಿದ್ದು ಬಲಕ್ಕೆ. ಎಡಗಡೆ ಒಂದೇ ವಾರದಲ್ಲಿ ತುಂಬಿತು, ಏಕೆಂದರೆ ಅದು ಎಲ್ಲ ಪುಸ್ತಕಗಳಲ್ಲೂ ಇದೆ. ಬಲಗಡೆಗೆ ವರ್ಷಗಳೇ ಹಿಡಿದವು.

ಹೆಸರುಗಳ ಗೋಜಲಿನಲ್ಲೇ ನಾನು ಮೊದಲು ಎಡವಿದೆ. ಡೇನಿಯಲ್‌ನ ತಂದೆ ಸ್ಕ್ವೈರ್ ಬೂನ್. 'ಸ್ಕ್ವೈರ್' ಎಂದರೆ ನಮ್ಮ ಗೌಡರು, ಪಟೇಲರು ಎಂಬಂಥ ಪದವಿ ಇರಬೇಕು ಎಂದುಕೊಂಡು ಎರಡು ತಿಂಗಳು ಓದಿದೆ. ಅದು ಅವನ ಹೆಸರೇ. ತಮ್ಮನೊಬ್ಬನಿಗೂ ಅದೇ ಹೆಸರು. ಅಣ್ಣ ಇಸ್ರೇಲ್, ಮಗನೂ ಇಸ್ರೇಲ್. ಹೆಂಡತಿ ರೆಬೆಕ್ಕಾ, ಮಗಳೂ ರೆಬೆಕ್ಕಾ. ಆಮೇಲಿನಿಂದ ಪ್ರತಿ ಹೆಸರಿನ ಮುಂದೆ ಹುಟ್ಟಿದ ವರ್ಷ ಬರೆಯದೆ ಒಂದು ಸಾಲನ್ನೂ ಬರೆದಿಲ್ಲ. ಈ ಕೆಲಸಕ್ಕೆ ಕೈಹಾಕುವವರು ಮೊದಲ ದಿನವೇ ಈ ರೂಢಿ ಮಾಡಿಕೊಳ್ಳಿ.

ತಾರೀಖುಗಳಲ್ಲೂ ತೊಡಕಿದೆ. ಬೂನ್ ಹುಟ್ಟಿದ್ದು ಪೆನ್ಸಿಲ್ವೇನಿಯಾದ ಓಲಿ ಕಣಿವೆಯಲ್ಲಿ, 1734ರಲ್ಲಿ. ಕೆಲವು ಕಡೆ ಅಕ್ಟೋಬರ್ 22 ಎಂದಿರುತ್ತದೆ, ಕೆಲವು ಕಡೆ ನವೆಂಬರ್ 2. ಎರಡೂ ಸರಿಯೇ. 1752ರಲ್ಲಿ ಬ್ರಿಟಿಷ್ ಆಡಳಿತ ಕ್ಯಾಲೆಂಡರ್ ಬದಲಿಸಿ ಹನ್ನೊಂದು ದಿನ ಬಿಟ್ಟುಬಿಟ್ಟಿತು. ಬೂನ್ ಮಾತ್ರ ಹಳೆಯ ತಾರೀಖನ್ನೇ ತನ್ನ ಹುಟ್ಟುಹಬ್ಬವೆಂದು ಇಟ್ಟುಕೊಂಡಿದ್ದ.

ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ನಿಧಾನವಾಗಿ ಕಲಿತೆ. 1784ರಲ್ಲಿ ಬೂನ್ ತಾನೇ ಮಾತಾಡಿದಂತೆ ಒಂದು ಬರಹ ಅಚ್ಚಾಯಿತು. ಘಟನೆಗಳ ಕ್ರಮಕ್ಕೆ ಅದು ಅನುಕೂಲ, ಮಾತುಗಳು ಮಾತ್ರ ಇನ್ನೊಬ್ಬರವು. ಲೈಮನ್ ಡ್ರೇಪರ್ ಎಂಬವರು ಈ ಗಡಿನಾಡಿನ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ ಕೇಳಿ ಬರೆದುಕೊಂಡ ಕಾಗದಗಳು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿವೆ. ಬೂನ್‌ನ ಕೊನೆಯ ಮಗ ನೇಥನ್ ಮತ್ತು ಸೊಸೆ ಆಲಿವ್ ಹೇಳಿದ್ದನ್ನು ಅವರು 1851ರಲ್ಲಿ ಬರೆದುಕೊಂಡರು. ನನ್ನ ಬಲಗಡೆಯ ಕಾಲಮ್ಮಿನ ಬಹುಪಾಲು ಅಲ್ಲಿಂದ ಬಂದದ್ದು. ಆದರೆ ನೇಥನ್ ಹುಟ್ಟಿದ್ದೇ 1781ರಲ್ಲಿ. ಅದಕ್ಕೂ ಹಿಂದಿನದನ್ನೆಲ್ಲ ಅವನು ಅಪ್ಪ ಅಮ್ಮನ ಬಾಯಲ್ಲಿ ಕೇಳಿದ್ದು. ಹಾಗಾಗಿ ಆ ಕಾಲದ್ದೇ ಕಾಗದದಲ್ಲಿದ್ದದ್ದನ್ನು ನೀಲಿ ಶಾಯಿಯಲ್ಲಿ, ಮನೆಯವರ ನೆನಪನ್ನು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದೆ. ಪೆನ್ಸಿಲ್ಲಿನದು ಸುಳ್ಳು ಎಂದಲ್ಲ. ಎಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದು ನನಗೆ ಮರೆಯಬಾರದು, ಅಷ್ಟೆ.

ಎರಡೂ ಕಾಲಮ್ಮುಗಳನ್ನು ಒಟ್ಟಿಗೆ ಓದಿದಾಗ ನನಗೆ ಸಿಕ್ಕಿದ ಬೂನ್ ಬೇರೆಯೇ ಆಗಿದ್ದ.

ಎಡಗಡೆ: 1769ರ ಮೇ 1, ಬೂನ್ ನಾರ್ತ್ ಕೆರೊಲಿನಾದ ಯಾಡ್ಕಿನ್ ಕಣಿವೆಯಿಂದ ಕೆಂಟಕಿಯ ಕಡೆ ಬೇಟೆಗೆ ಹೊರಟ. ಮರಳಿದ್ದು 1771ರಲ್ಲಿ. ಬಲಗಡೆ: 1769ರ ಕೊನೆಯಲ್ಲಿ ರೆಬೆಕ್ಕಾ ಡೇನಿಯಲ್ ಮಾರ್ಗನ್‌ನನ್ನು ಹೆತ್ತಳು. ಅಂದರೆ ಗಂಡ ಹೊರಡುವಾಗ ಅವಳು ಬಸುರಿ, ಅವನು ಬರುವ ಹೊತ್ತಿಗೆ ಮಗು ಓಡಾಡುತ್ತಿತ್ತು. 1756ರ ಆಗಸ್ಟ್ 14ರಂದು ಮದುವೆಯಾದಾಗ ರೆಬೆಕ್ಕಾ ಬ್ರಯನ್‌ಗೆ ಹದಿನೇಳು ವರ್ಷ. 1757ರಲ್ಲಿ ಜೇಮ್ಸ್, 1781ರಲ್ಲಿ ನೇಥನ್: ಇಪ್ಪತ್ತನಾಲ್ಕು ವರ್ಷಗಳಲ್ಲಿ ಹತ್ತು ಹೆರಿಗೆ. ಜೊತೆಗೆ ತೀರಿಹೋದ ಭಾವನ ಮಕ್ಕಳು, ತವರಿನ ಕಡೆಯ ತಾಯಿಯಿಲ್ಲದ ಮಕ್ಕಳು, ಎಲ್ಲರೂ ಅವಳ ಒಲೆಯ ಸುತ್ತಲೇ ಬೆಳೆದರು. ಮಗಳ ಪ್ರಶ್ನೆಗೆ ಉತ್ತರ ಇದೇ ಪುಟದಲ್ಲಿ ಸಿಕ್ಕಿತು. ಸಿಕ್ಕ ದಿನ ಅವಳನ್ನು ಕೂಡಿಸಿಕೊಂಡು ತೋರಿಸಿದೆ.

1773ರ ಅಕ್ಟೋಬರ್ 10ರ ಸಾಲನ್ನು ಬರೆಯಲು ನನಗೆ ಕಷ್ಟವಾಯಿತು. ಬೂನ್ ಸಂಸಾರ ಸಮೇತ ಕೆಂಟಕಿಗೆ ಹೊರಟಿದ್ದ. ಹಿರಿಯ ಮಗ ಜೇಮ್ಸ್, ಹದಿನಾರರ ಹುಡುಗ, ಹಿಟ್ಟು ಮತ್ತಿತರ ಸಾಮಾನು ತರಲು ಹೋಗಿ, ದೊಡ್ಡ ಗುಂಪಿಗಿಂತ ಕೆಲವೇ ಮೈಲಿ ಹಿಂದೆ ರಾತ್ರಿ ತಂಗಿದ. ಬೆಳಗಿನ ಜಾವ ಮೂಲನಿವಾಸಿಗಳ ದಾಳಿಯಾಯಿತು. ಜೇಮ್ಸ್ ಮತ್ತು ಅವನ ಗೆಳೆಯ ಹೆನ್ರಿ ರಸೆಲ್‌ನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಆಡಂ ಎಂಬ ಗುಲಾಮ ಹೊಳೆದಂಡೆಯ ಕಟ್ಟಿಗೆ ರಾಶಿಯಲ್ಲಿ ಅಡಗಿ ಕುಳಿತು ಎಲ್ಲವನ್ನೂ ಕಂಡ. ಅವನು ಬದುಕುಳಿದಿದ್ದರಿಂದಲೇ ನಡೆದದ್ದು ನಮಗೆ ತಿಳಿದಿದೆ. ಮುಂದಿದ್ದ ರೆಬೆಕ್ಕಾ ಹೆಣಗಳಿಗೆ ಸುತ್ತಲು ತನ್ನ ಲಿನನ್ ಹೊದಿಕೆಗಳನ್ನು ಕೊಟ್ಟು ಕಳಿಸಿದಳೆಂದು ಕುಟುಂಬದವರು ಹೇಳುತ್ತಿದ್ದರು. ಇದು ನನ್ನ ಪುಸ್ತಕದಲ್ಲಿ ಪೆನ್ಸಿಲ್ಲಿನ ಸಾಲು. ಅಂಥ ಪ್ರಯಾಣದಲ್ಲಿ ಲಿನನ್ ಹೊದಿಕೆ ಎಷ್ಟು ಬೆಲೆಯದೆಂದು ನೆನೆದರೆ ಅದರ ಭಾರ ತಿಳಿಯುತ್ತದೆ.

ಈ ಪುಟದಲ್ಲೇ ಅಂಚಿನಲ್ಲಿ ಮೂರನೆಯ ಗೆರೆ ಎಳೆದೆ. ಅಲ್ಲಿ ಆ ನಾಡಿನ ಮೂಲನಿವಾಸಿಗಳಾದ ಶಾನೀ ಜನರ ಕಡೆಯದನ್ನು ಬರೆದೆ. ಕೆಂಟಕಿ ಅವರ ಬೇಟೆಯ ನೆಲ. 1768ರ ಫೋರ್ಟ್ ಸ್ಟ್ಯಾನ್ವಿಕ್ಸ್ ಒಪ್ಪಂದದಲ್ಲಿ ಇರಾಕ್ವಾ ಎಂಬ ಬೇರೆ ಮೂಲನಿವಾಸಿ ಜನ ಅದರ ಮೇಲಿನ ಹಕ್ಕನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು, ಶಾನೀಗಳು ಒಪ್ಪಿರಲಿಲ್ಲ. 1777ರ ನವೆಂಬರಿನಲ್ಲಿ ಶಾನೀ ಮುಖಂಡ ಕಾರ್ನ್‌ಸ್ಟಾಕ್‌ನನ್ನು ಫೋರ್ಟ್ ರಾಂಡಾಲ್ಫಿನಲ್ಲಿ ಒತ್ತೆಯಾಳಾಗಿದ್ದಾಗಲೇ ಅಲ್ಲಿನ ಬಿಳಿಯ ಸೈನಿಕರು ಮಗನ ಸಮೇತ ಗುಂಡಿಟ್ಟು ಕೊಂದರು. ಮೂರು ತಿಂಗಳಲ್ಲಿ, 1778ರ ಫೆಬ್ರವರಿ 7ರಂದು, ಲಿಕಿಂಗ್ ನದಿಯ ಬ್ಲೂ ಲಿಕ್ಸ್‌ನಲ್ಲಿ ಉಪ್ಪು ಕಾಯಿಸಲು ಹೋಗಿದ್ದ ತಂಡದ ಬೂನ್ ಶಾನೀಗಳಿಗೆ ಸೆರೆ ಸಿಕ್ಕಿದ. ಅಂಚಿನ ಸಾಲು ಇಲ್ಲದಿದ್ದರೆ ಈ ಎರಡನೆಯದು ಎಲ್ಲಿಂದಲೋ ಬಂದು ಎರಗಿದ ಆಪತ್ತಿನಂತೆ ಕಾಣುತ್ತದೆ.

ಮುಖಂಡ ಬ್ಲ್ಯಾಕ್‌ಫಿಶ್ ಅವನನ್ನು ಮಗನಾಗಿ ದತ್ತು ತೆಗೆದುಕೊಂಡು ಷೆಲ್ಟೊವೀ, ಅಂದರೆ ದೊಡ್ಡ ಆಮೆ, ಎಂದು ಹೆಸರಿಟ್ಟ. ಬೂನ್ ನಾಲ್ಕು ತಿಂಗಳು ಅಲ್ಲಿದ್ದ. ತನ್ನ ಸಂಸಾರವಿದ್ದ ಕೆಂಟಕಿಯ ಬೂನ್ಸ್‌ಬರೋ ಕೋಟೆಯ ಮೇಲೆ ದಾಳಿಯಾಗುತ್ತದೆಂದು ತಿಳಿದದ್ದೇ ಜೂನ್ 16ರಂದು ತಪ್ಪಿಸಿಕೊಂಡು ಸುಮಾರು 160 ಮೈಲಿಯನ್ನು ಐದು ದಿನದೊಳಗೆ ದಾಟಿ ಕೋಟೆ ಸೇರಿದ. ಇಲ್ಲಿ ಬಲಗಡೆ ನೋಡಿ: ಮನೆ ಖಾಲಿ. ಗಂಡ ಸತ್ತನೆಂದು ನಂಬಿದ ರೆಬೆಕ್ಕಾ ಮಕ್ಕಳನ್ನು ಕಟ್ಟಿಕೊಂಡು ನಾರ್ತ್ ಕೆರೊಲಿನಾದ ತವರಿಗೆ ಹೋಗಿಬಿಟ್ಟಿದ್ದಳು. ಉಳಿದಿದ್ದವಳು ಮಗಳು ಜೆಮೈಮಾ ಒಬ್ಬಳೇ. ಎರಡು ವರ್ಷ ಹಿಂದೆ, 1776ರ ಜುಲೈನಲ್ಲಿ, ಕ್ಯಾಲವೇ ಎಂಬವರ ಮನೆಯ ಇಬ್ಬರು ಹುಡುಗಿಯರ ಜೊತೆ ಅವಳನ್ನೇ ಮೂಲನಿವಾಸಿಗಳು ಹಿಡಿದುಕೊಂಡು ಹೋಗಿದ್ದರು. ಹುಡುಗಿಯರು ದಾರಿಯುದ್ದಕ್ಕೂ ಕಡ್ಡಿ ಮುರಿದು, ಬಟ್ಟೆಯ ಚೂರು ಬೀಳಿಸಿ ಗುರುತು ಬಿಟ್ಟರು. ಎರಡು ದಿನ ಬೆನ್ನಟ್ಟಿ ಬೂನ್ ಬಿಡಿಸಿ ತಂದಿದ್ದ.

ಸೆಪ್ಟೆಂಬರಿನಲ್ಲಿ ನಡೆದ ಮುತ್ತಿಗೆಯನ್ನು ಕೋಟೆ ತಡೆದುಕೊಂಡಿತು. ಆಮೇಲೆ ಅವನದೇ ಜನ ಅವನ ಮೇಲೆ ಕೋರ್ಟ್ ಮಾರ್ಷಲ್ ನಡೆಸಿದರು. ಉಪ್ಪಿನ ತಂಡವನ್ನು ಹೋರಾಡದೆ ಶರಣಾಗಿಸಿದ್ದು ದ್ರೋಹವೆಂಬುದು ಆರೋಪ. ನಿರ್ದೋಷಿಯೆಂದು ತೀರ್ಪಾಗಿ ಮೇಜರ್ ಹುದ್ದೆಗೂ ಏರಿದ. ಕೋಟೆಯಲ್ಲಿ ಕಾವಲಿಗೆ ಸಾಕಷ್ಟು ಗಂಡಸರಿಲ್ಲದ ಹೊತ್ತಿನಲ್ಲಿ ದಾಳಿಯನ್ನು ಮುಂದೂಡಿಸಲು ಅವನಿಗೆ ಇದ್ದ ದಾರಿ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ಜಮೀನಿನ ಕಾಗದಗಳಿಗೆ ನಾನು ಹೆದರಿದ್ದೆ. ಆದರೆ ನನಗೆ ಹೆಚ್ಚು ಒಲಿದದ್ದು ಅವೇ. ಇಲ್ಲಿನ ಹಳೆಯ ಸರ್ವೆಗಳು ನಮ್ಮ ಕ್ರಯಪತ್ರಗಳ ಚೆಕ್ಕುಬಂದಿಗೆ ಹತ್ತಿರದ ನೆಂಟರು. ನಮ್ಮಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು ಎಂದಿರುವಂತೆ, ಇಲ್ಲಿ ಇಂಥ ಬಿಳಿ ಓಕ್ ಮರದಿಂದ ಇಷ್ಟು ಡಿಗ್ರಿಗೆ ಇಷ್ಟು 'ಪೋಲ್' ಹೋದರೆ ಎರಡು ಸಕ್ಕರೆ ಮೇಪಲ್ ಮರ, ಅಲ್ಲಿಂದ ಹೊಳೆ ಎಂದಿರುತ್ತದೆ. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. 320 ಪೋಲ್‌ಗೆ ಒಂದು ಮೈಲಿ, 160 ಚದರ ಪೋಲ್‌ಗೆ ಒಂದು ಎಕರೆ. ಕೋನಮಾಪಕ, ಅಡಿಪಟ್ಟಿ, ಗ್ರಾಫ್ ಹಾಳೆ ಇಟ್ಟುಕೊಂಡು ಊಟದ ಮೇಜಿನ ಮೇಲೆ ಬಿಡಿಸಲು ಕೂತೆ. ಮೊದಲ ನಕ್ಷೆ ಕೂಡಲೇ ಇಲ್ಲ, ಕೊನೆಯ ಗೆರೆ ಹೊರಟ ಮರದಿಂದ ಎಲ್ಲೋ ದೂರ ನಿಂತಿತು. 'ಉತ್ತರ 30 ಪೂರ್ವ' ಎಂಬುದನ್ನು ನಾನು ಪೂರ್ವದಿಂದ ಅಳೆದಿದ್ದೆ. ಉತ್ತರಕ್ಕೆ ಮುಖಮಾಡಿ ನಿಂತು ಪೂರ್ವಕ್ಕೆ 30 ಡಿಗ್ರಿ ತಿರುಗಬೇಕು. ಹಾಗೆ ಅಳೆದ ಮೇಲೆ ಗೆರೆಗಳು ಬಹುಮಟ್ಟಿಗೆ ಬಂದು ಸೇರಿದವು. ಪೂರ್ತಿ ಸೇರದಿದ್ದರೆ ಬೇಸರಪಡಬೇಡಿ, ಪೊದೆ ಹಳ್ಳಗಳಲ್ಲಿ ಸರಪಳಿ ಎಳೆದವರ ಅಳತೆಯೇ ಎಷ್ಟೋ ಸಲ ಹಾಗಿರುತ್ತದೆ.

ಅಕ್ಕಪಕ್ಕದ ನಾಲ್ಕೈದು ಸರ್ವೆಗಳನ್ನು ಟ್ರೇಸಿಂಗ್ ಹಾಳೆಯಲ್ಲಿ ಬಿಡಿಸಿ ಒಂದರ ಮೇಲೊಂದು ಇಟ್ಟ ದಿನ ಜಮೀನಿನ ವ್ಯವಹಾರದಲ್ಲಿ ಬೂನ್ ಸೋತದ್ದು ನನ್ನ ಕಣ್ಣಿಗೇ ಕಂಡಿತು. ಹೆಂಚು ಹೊದಿಸಿದಂತೆ ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರದು. ವರ್ಜೀನಿಯಾದ 1779ರ ಕಾನೂನಿನಲ್ಲಿ ಮೊದಲು ವಾರಂಟ್ (ಇಷ್ಟು ಎಕರೆ ಅಳೆಸಿಕೊಳ್ಳಬಹುದೆಂಬ ಚೀಟಿ), ಆಮೇಲೆ ನೋಂದಣಿ, ಆಮೇಲೆ ಸರ್ವೆ, ಕೊನೆಗೆ ಹಕ್ಕುಪತ್ರ. ಸರ್ಕಾರ ಮೊದಲೇ ನೆಲ ಅಳೆದು ನಂಬರು ಹಾಕಿರಲಿಲ್ಲ. ಯಾವ ಹಂತ ತಪ್ಪಿದರೂ, ಗಡಿಯನ್ನು ಅಸ್ಪಷ್ಟವಾಗಿ ಬರೆಸಿದರೂ, ಆಮೇಲೆ ಬಂದವನ ದಾವೆ ಗೆಲ್ಲುತ್ತಿತ್ತು. ಬೂನ್ ಬೇರೆಯವರಿಗೂ ಅಳೆದುಕೊಟ್ಟ ಸರ್ವೆಯರ್, ಹಾಗಾಗಿ ಬೇರೆಯವರ ದಾವೆಗಳೂ ಅವನ ತಲೆಗೇ ಬಂದವು. 1780ರಲ್ಲಿ ವಾರಂಟ್ ಕೊಳ್ಳಲು ಜನ ನಂಬಿ ಕೊಟ್ಟಿದ್ದ ದೊಡ್ಡ ಮೊತ್ತ ದಾರಿಯಲ್ಲಿ ಕಳುವಾಯಿತು, ಅದನ್ನು ತೀರಿಸುವ ಹೊರೆಯೂ ಬಿತ್ತು.

ಅವನ ಆಸ್ತಿಯ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. 1787ರ ಹೊತ್ತಿಗೆ ಏಳು ಜನ ಗುಲಾಮರು ಅವನ ಸ್ವತ್ತಾಗಿದ್ದರು. ಶಾಲೆಯ ಚಾರ್ಟುಗಳಲ್ಲಿ ಇದು ಬರುವುದಿಲ್ಲ. ನನ್ನ ಪುಸ್ತಕದ ಬಲಗಡೆ, ಅಂದರೆ ಮನೆಯ ಕಡೆ, ಇದನ್ನು ನೀಲಿ ಶಾಯಿಯಲ್ಲಿ ಬರೆದಿದ್ದೇನೆ. ಅವರೂ ಆ ಮನೆಯಲ್ಲಿ ದುಡಿದು ಬದುಕಿದವರು.

ಕಾಗದ ಓದಿದ ಮೇಲೆ ಜಾಗಕ್ಕೆ ಹೋಗಬೇಕು. ಬ್ಲೂ ಲಿಕ್ಸ್ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. 1782ರ ಆಗಸ್ಟ್ 19ರ ಕಾಳಗದ ನೆಲ ಅದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಶರಣಾಗಿ ಹತ್ತು ತಿಂಗಳಾಗಿತ್ತು, ಇಲ್ಲಿ ಮಾತ್ರ ಯುದ್ಧ ನಿಂತಿರಲಿಲ್ಲ. ರೆಬೆಕ್ಕಾಳ ತವರಿನವರು ಕಟ್ಟಿದ ಬ್ರಯನ್ ಸ್ಟೇಷನ್ ಎಂಬ ಕೋಟೆಯ ಮೇಲೆ ದಾಳಿ ಮಾಡಿ ಹಿಂತಿರುಗುತ್ತಿದ್ದ ಬ್ರಿಟಿಷರನ್ನೂ ಅವರ ಜೊತೆಗಿದ್ದ ಮೂಲನಿವಾಸಿಗಳನ್ನೂ ಕೆಂಟಕಿಯ ಸುಮಾರು 180 ಜನ ಬೆನ್ನಟ್ಟಿದರು. ಆ ಕಡೆಯ ಗುಡ್ಡದ ಕೊರಕಲುಗಳಲ್ಲಿ ಜನ ಅಡಗಿರಬಹುದೆಂದು ಬೂನ್ ಎಚ್ಚರಿಸಿದ. ಹ್ಯೂ ಮೆಗ್ಯಾರಿ ಎಂಬ ಅಧಿಕಾರಿ ಕೇಳದೆ ಕುದುರೆಯನ್ನು ನದಿಗೆ ಇಳಿಸಿದ, ಉಳಿದವರು ಹಿಂದೆ ನುಗ್ಗಿದರು. ಕೆಲವೇ ನಿಮಿಷಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಇಸ್ರೇಲ್ ಒಬ್ಬ, ಇಪ್ಪತ್ತಮೂರು ವರ್ಷ. ಅಪ್ಪ ಕುದುರೆ ಹಿಡಿದು ಕೊಟ್ಟು ಓಡು ಎಂದರೂ ಅವನನ್ನು ಬಿಟ್ಟು ಹೋಗಲಿಲ್ಲವಂತೆ.

ನಾನು ನದಿಯ ಕಡೆಯಿಂದ ಆ ದಿಬ್ಬವನ್ನು ಹತ್ತಿ ನೋಡಿದೆ. ಏರು ನಿಧಾನ, ಆದರೆ ಮೇಲೇನಿದೆ ಎಂಬುದು ಮೇಲೆ ಹೋಗುವವರೆಗೂ ಕಾಣುವುದಿಲ್ಲ. ಬೂನ್‌ನ ಎಚ್ಚರಿಕೆ ನನಗೆ ಪುಸ್ತಕದಲ್ಲಿ ಅರ್ಥವಾಗಿರಲಿಲ್ಲ, ಕಾಲಿಗೆ ಅರ್ಥವಾಯಿತು. ಕಲ್ಲಿನ ಮೇಲಿನ ಹೆಸರುಗಳಲ್ಲಿ ಇಸ್ರೇಲ್‌ನದನ್ನು ಮಗಳು ಬೆರಳಿನಿಂದ ತೋರಿಸಿದಳು. ಮನೆಗೆ ಬಂದು ಬಲಗಡೆ ಬರೆದೆ: ನೇಥನ್‌ಗೆ ಆಗ ಒಂದೂವರೆ ವರ್ಷ.

ಮುಂದಿನ ಪುಟಗಳು ಬೇಗ ತಿರುಗಿದವು. 1799ರಲ್ಲಿ ಸಂಸಾರ ಆಗ ಸ್ಪೇನಿನ ಕೈಯಲ್ಲಿದ್ದ ಮಿಸೌರಿಗೆ ಹೋಯಿತು. ಅಲ್ಲಿ ಸಿಕ್ಕ ಜಮೀನೂ ನಾಡು ಅಮೆರಿಕದ ಕೈಗೆ ಬಂದ ಮೇಲೆ ಹೋಯಿತು. 1814ರಲ್ಲಿ ಕಾಂಗ್ರೆಸ್ ಮರಳಿ ಕೊಟ್ಟಾಗ ಹೆಚ್ಚಿನದನ್ನು ಮಾರಿ ಕೆಂಟಕಿಯ ಸಾಲ ತೀರಿಸಿದ. ಅದನ್ನು ನೋಡಲು ರೆಬೆಕ್ಕಾ ಇರಲಿಲ್ಲ. ಮೇಪಲ್ ಸಕ್ಕರೆ ಕಾಯಿಸುವ ಕಾಲದಲ್ಲಿ ಕಾಯಿಲೆ ಬಿದ್ದು 1813ರ ಮಾರ್ಚ್ 18ರಂದು ತೀರಿಕೊಂಡಳು. ಬೂನ್ 1820ರ ಸೆಪ್ಟೆಂಬರ್ 26ರಂದು ನೇಥನ್‌ನ ಮನೆಯಲ್ಲಿ ಸತ್ತ, ಅವಳ ಪಕ್ಕದಲ್ಲೇ ಮಣ್ಣು ಮಾಡಿದರು. 1845ರಲ್ಲಿ ಕೆಂಟಕಿಯವರು ಇಬ್ಬರ ಅಸ್ಥಿಯನ್ನೂ ತೆಗೆದು ಫ್ರಾಂಕ್‌ಫರ್ಟಿಗೆ ತಂದರು. ತಂದದ್ದು ಅವನ ಮೂಳೆಯೇ ಹೌದೋ ಅಲ್ಲವೋ ಎಂದು ಮಿಸೌರಿಯವರು ಇಂದಿಗೂ ವಾದಿಸುತ್ತಾರೆ.

ಈಗ ನೇಥನ್‌ನ ಪುಸ್ತಕ ಶುರು ಮಾಡಿದ್ದೇನೆ. ಅವನೂ ಸೈನಿಕ, ಕುದುರೆ ಪಡೆಯಲ್ಲಿ ಇದ್ದು ಲೆಫ್ಟಿನೆಂಟ್ ಕರ್ನಲ್ ಆಗಿ ಬಿಟ್ಟವನು. ಗೆರೆ ಎಳೆದಾಗಿದೆ. ಈ ಸಲ ಬಲಗಡೆಯಿಂದ ಬರೆಯಲು ಹಿಡಿದಿದ್ದೇನೆ, ಮೊದಲ ಹೆಸರು ಆಲಿವ್.