ಕಾರು ಚಾರ್ಜ್ ಆಗ್ತಿಲ್ವಾ? ಮೊದಲು ಆ ಅಡಾಪ್ಟರ್ ಕಿತ್ತಿಡಿ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಕಾರುಗಳು ಜಾಸ್ತಿಯಾದ ಮೇಲೆ ನನಗೊಂದು ಸಂಬಳವಿಲ್ಲದ ಕೆಲಸ ಅಂಟಿಕೊಂಡಿದೆ. ರಾತ್ರಿ ಊಟದ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟುತ್ತಾರೆ. "ಸಾರ್, ಕೆಂಪು ಲೈಟ್ ಬರ್ತಿದೆ, ಚಾರ್ಜೇ ತಗೊಳ್ತಿಲ್ಲ." ಕೆಳಗಿಳಿದು ನೋಡಿದರೆ ಗೋಡೆಯ ಪ್ಲಗ್ಗಿಗೂ ಕಾರಿನ ಜೊತೆ ಬಂದ ಚಾರ್ಜರಿಗೂ ನಡುವೆ ಆನ್‌ಲೈನ್‌ನಲ್ಲಿ ತರಿಸಿದ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ಹತ್ತರಲ್ಲಿ ಎಂಟು ಸಲ ಕಾರಿಗೆ ಏನೂ ಆಗಿರುವುದಿಲ್ಲ.

2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಇಷ್ಟೆಲ್ಲ ರಗಳೆ ಇರಲಿಲ್ಲ. 15 ಆಂಪ್ಸ್ ಪ್ಲಗ್ಗಿಗೆ ಚುಚ್ಚಿ ಮಲಗಿದರೆ ಮುಗಿಯಿತು. ಈಗಿನ ಚಾರ್ಜರ್‌ಗಳು ಕರೆಂಟು ಬಿಡುವ ಮೊದಲು ನಿಮ್ಮ ಮನೆಯ ವೈರಿಂಗನ್ನೇ ಪರೀಕ್ಷೆ ಮಾಡುತ್ತವೆ. ಅದು ಒಳ್ಳೆಯದೇ. ಆದರೆ ಮನೆ ಫೇಲಾದಾಗ ನಾವು ಬೈಯುವುದು ಚಾರ್ಜರಿಗೆ.

ಹಂತ 1: ನಡುವಿನದನ್ನೆಲ್ಲ ತೆಗೆಯಿರಿ

ಅಡಾಪ್ಟರ್, ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೈಕ್ ಗಾರ್ಡ್, ಎಲ್ಲ ಕಿತ್ತು ಪಕ್ಕಕ್ಕಿಡಿ. ಚಾರ್ಜರನ್ನು ನೇರ ಗೋಡೆಯ 16 ಆಂಪ್ಸ್ ಪವರ್ ಪ್ಲಗ್ಗಿಗೆ ಹಾಕಿ. ಚಾರ್ಜ್ ಆಯಿತಾ? ಹಾಗಾದರೆ ತಪ್ಪು ಅಡಾಪ್ಟರಿನದು, ಹಂತ 3ಕ್ಕೆ ಹೋಗಿ. ಆಗಲಿಲ್ಲವಾ? ಕಾರಿನ ಸ್ಕ್ರೀನಿನಲ್ಲಿ 'ರಾತ್ರಿ 11ರ ಮೇಲೆ ಚಾರ್ಜ್ ಮಾಡು' ಅಂತ ನೀವೇ ಯಾವತ್ತೋ ಇಟ್ಟ ಟೈಮರ್ ಇದೆಯಾ ನೋಡಿ. ನಗಬೇಡಿ, ಇದು ದಿನಾ ಆಗುವ ಕತೆ.

ಹಂತ 2: ಅರ್ತಿಂಗ್ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪೋರ್ಟಬಲ್ ಚಾರ್ಜರಿನಲ್ಲಿ ಕೆಂಪು ಲೈಟ್ ಬಂದರೆ ಬಹುತೇಕ ಅದರ ಅರ್ಥ 'ಅರ್ತ್ ಸಿಗುತ್ತಿಲ್ಲ' ಎಂದು. ಅರ್ತ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು. ಫ್ರಿಜ್ಜು, ಮಿಕ್ಸಿ, ಗೀಸರು ಅರ್ತ್ ಇಲ್ಲದಿದ್ದರೂ ಸುಮ್ನೆ ಓಡುತ್ತವೆ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಹಸಿರು ವೈರು ಬೋರ್ಡಿನ ಹಿಂದೆ ಬಂದು ಎಲ್ಲಿಗೂ ಸೇರದೆ ನೇತಾಡುತ್ತಿದ್ದರೂ ಯಾರಿಗೂ ಗೊತ್ತಿರುವುದಿಲ್ಲ. ಮನೆಗೆ ಕಾರು ಬಂದ ದಿನ ಗುಟ್ಟು ಹೊರಬೀಳುತ್ತದೆ.

ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣದ್ದು ಸಾಕು, ಆದರೆ ಅದರ ಪ್ರೋಬ್ ವೈರುಗಳು ಒಡೆದಿರಬಾರದು. ಎಸಿ ವೋಲ್ಟ್‌ನ ದೊಡ್ಡ ರೇಂಜಿಗೆ ತಿರುಗಿಸಿ. ಸಾಕೆಟ್ಟಿಗೆ ಎದುರು ನಿಂತಾಗ ಮೇಲಿನ ದಪ್ಪ ತೂತು ಅರ್ತ್, ಬಲಗಡೆಯದು ಫೇಸ್ (ಕರೆಂಟು ಬರುವ ವೈರು), ಎಡಗಡೆಯದು ನ್ಯೂಟ್ರಲ್ (ವಾಪಸ್ ಹೋಗುವ ವೈರು) ಆಗಿರಬೇಕು. ಮೂರು ಸಲ ಅಳೆಯಿರಿ.

ಫೇಸ್–ನ್ಯೂಟ್ರಲ್ ನಡುವೆ ಸುಮಾರು 230 ಬರಬೇಕು. ಫೇಸ್–ಅರ್ತ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಎರಡನೆಯದೂ ಮೂರನೆಯದೂ 100–120ರ ಆಸುಪಾಸು ಓಲಾಡುತ್ತಿದ್ದರೆ ನಿಮ್ಮ ಅರ್ತ್ ಗಾಳಿಯಲ್ಲಿದೆ, ನೆಲಕ್ಕೆ ಸೇರಿಲ್ಲ. ಎಡಗಡೆಯ ತೂತಿನಿಂದ ಅರ್ತಿಗೆ 230 ಬಂದರೆ ಫೇಸು ನ್ಯೂಟ್ರಲ್ಲು ಅದಲು ಬದಲಾಗಿವೆ. ಕೆಲವು ಚಾರ್ಜರುಗಳು ಇದಕ್ಕೂ ಮುನಿಸಿಕೊಳ್ಳುತ್ತವೆ.

ಮೀಟರಿನಲ್ಲಿ ಎಲ್ಲ ಸರಿ ಇದ್ದೂ ಕೆಂಪು ಲೈಟ್ ಹೋಗದಿದ್ದರೆ? ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಕೂದಲೆಳೆಯಷ್ಟು ಸಂಪರ್ಕವಿದ್ದರೂ ಅದು 230 ತೋರಿಸಿಬಿಡುತ್ತದೆ. ಇದಕ್ಕೇ ಹಳೇ ಎಲೆಕ್ಟ್ರಿಷಿಯನ್ನರು ಫೇಸಿಗೂ ಅರ್ತಿಗೂ ನಡುವೆ 100 ವಾಟಿನ ಬಲ್ಬ್ ಹಾಕಿ ನೋಡುವುದು. ಬಲ್ಬ್ ಮಂಕಾಗಿ ಉರಿದರೆ ಅರ್ತ್ ಕೆಲಸಕ್ಕೆ ಬಾರದು. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಮನೆಯಲ್ಲಿ ಬಲ್ಬ್ ಹಾಕಿದ ತಕ್ಷಣ ಅದು ಟ್ರಿಪ್ ಆಗುತ್ತದೆ. ಅದು ಒಳ್ಳೆಯ ಸುದ್ದಿ. ಆದರೆ ಈ ಬಲ್ಬಿನ ಪರೀಕ್ಷೆಯನ್ನು ನೀವು ಮಾಡಬೇಡಿ. ಅರ್ತ್ ವೈರು ನೆಲಕ್ಕೆ ಸೇರಿಲ್ಲದಿದ್ದರೆ ಬಲ್ಬಿನ ಮೂಲಕ ಹೋದ ಕರೆಂಟು ಮನೆಯ ಫ್ರಿಜ್ಜು, ವಾಷಿಂಗ್ ಮಷೀನಿನ ಮೈಗೆಲ್ಲ ಬಂದು ಕೂರುತ್ತದೆ. ಎಲೆಕ್ಟ್ರಿಷಿಯನ್ನನ್ನೇ ಕರೆಸಿ. ಅವರು ಬಲ್ಬ್ ಹಿಡಿದಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳಿ.

ಅರ್ತ್ ಕೆಟ್ಟಿದ್ದರೆ ಸರಿಮಾಡಬೇಕಾದ್ದು ಅರ್ತ್ ವೈರು ನೆಲಕ್ಕೆ ಸೇರುವ ಗುಂಡಿಯನ್ನು. ಮಲೆನಾಡಿನ ಸಾಗರದ ಹತ್ತಿರ ನಮ್ಮ ಭಾವನ ಮನೆಯಲ್ಲಿ ಮಳೆಗಾಲವೆಲ್ಲ ಚೆನ್ನಾಗಿ ಚಾರ್ಜ್ ಆಗುತ್ತಿದ್ದ ಕಾರು ಮಾರ್ಚ್ ಬಂದರೆ ಮುಷ್ಕರ ಹೂಡುತ್ತಿತ್ತು. ಇದ್ದಿಲು, ಉಪ್ಪು ಹಾಕಿ ಜಿಐ ಪೈಪ್ ಹೂತ ಹಳೇ ಗುಂಡಿ. ಬೇಸಿಗೆಗೆ ಮಣ್ಣು ಒಣಗಿ ಅರ್ತ್ ಕೈಕೊಡುತ್ತಿತ್ತು. ನಾಲ್ಕು ಬಿಂದಿಗೆ ನೀರು ಸುರಿದರೆ ಹಸಿರು ಲೈಟ್! ಕೊನೆಗೆ ಹೊಸ ರಾಡ್ ಹೂಳಿಸಿ, ಗುಂಡಿಯಿಂದ ಕಾರಿನ ಪ್ಲಗ್ಗಿನವರೆಗೆ ಬೇರೆಯೇ ತಾಮ್ರದ ವೈರು ಎಳೆಸಿದ ಮೇಲೆ ಬಿಂದಿಗೆ ಹೊರುವುದು ತಪ್ಪಿತು. ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಒಳಗಿದ್ದರೆ ನಿಶ್ಚಿಂತೆ. ಅಳೆಯುವುದಕ್ಕೆ ಅರ್ತ್ ಟೆಸ್ಟರ್ ಬೇರೆಯೇ ಬೇಕು.

ಇನ್ನೊಂದು ಮಾತು. ಕರೆಂಟು ಹೋದಾಗ ಯುಪಿಎಸ್‌ ಅಥವಾ ಜನರೇಟರ್ ಲೈನಿಗೆ ಚಾರ್ಜರ್ ಹಾಕಿದರೂ ಇದೇ ಕೆಂಪು ಲೈಟ್ ಬರಬಹುದು. ಅಲ್ಲಿನ ನ್ಯೂಟ್ರಲ್ಲಿಗೂ ಅರ್ತಿಗೂ ಸಂಬಂಧವೇ ಇಲ್ಲದಿರುವುದುಂಟು. ಮನೆ ಯುಪಿಎಸ್‌ ಕಾರಿನ ಭಾರ ಹೊರುವುದೂ ಇಲ್ಲ. ಬಿಟ್ಟುಬಿಡಿ.

ಹಂತ 3: ಡಬ್ಬಿಯ ಹೊಟ್ಟೆಯಲ್ಲಿ ಏನಿದೆ?

ಈಗ ಪಕ್ಕಕ್ಕಿಟ್ಟ ಅಡಾಪ್ಟರಿಗೆ ಬನ್ನಿ. 'ಅರ್ತಿಂಗ್ ಸಮಸ್ಯೆಗೆ ಪರಿಹಾರ' ಎಂದು ಮಾರುವ ಡಬ್ಬಿಗಳು ನನ್ನ ಕೈಗೆ ಮೂರು ಬಂದಿವೆ. ಒಂದರಲ್ಲಿ ನ್ಯೂಟ್ರಲ್ ಪಿನ್ನಿಗೂ ಅರ್ತ್ ಪಿನ್ನಿಗೂ ಸೀದಾ ಒಂದು ವೈರು. ಉಳಿದೆರಡರಲ್ಲಿ ವೈರಿನ ಬದಲು ರೆಸಿಸ್ಟರ್. ಇಷ್ಟೇ ಪರಿಹಾರ! ನ್ಯೂಟ್ರಲ್ಲನ್ನೇ ತೋರಿಸಿ 'ಇಗೋ ಅರ್ತ್' ಎಂದು ಚಾರ್ಜರಿಗೆ ಸುಳ್ಳು ಹೇಳುವುದು.

ಈ ಸುಳ್ಳು ಎಲ್ಲಿಗೆ ಮುಟ್ಟುತ್ತದೆ ನೋಡಿ. ಚಾರ್ಜರಿನ ಅರ್ತ್ ಪಿನ್ ಕೇಬಲ್ಲಿನ ಮೂಲಕ ಕಾರಿನ ಲೋಹದ ಮೈಗೆ ಸೇರಿದೆ. ಪ್ಲಗ್ಗಿನಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದ್ದರೆ, ಡಬ್ಬಿ ಅರ್ತಿಗೆ ಜೋಡಿಸುವುದು ಫೇಸನ್ನು. ಪೂರ್ತಿ 230 ವೋಲ್ಟ್ ಕಾರಿನ ಮೈಮೇಲೆ. ಹೆದರಬೇಕಾದ ಸಂಗತಿ ಇನ್ನೊಂದಿದೆ. ಚಾರ್ಜರಿಗೆ ಒಂದು ಕಡೆಯಿಂದ ಅರ್ತಿಗೆ 230, ಇನ್ನೊಂದು ಕಡೆಯಿಂದ ಸೊನ್ನೆ ಕಾಣುತ್ತದೆ, ಅಂದರೆ ಎಲ್ಲ ಸರಿ ಇದ್ದ ಹಾಗೇ. ಹಸಿರು ಲೈಟ್ ಬರುತ್ತದೆ! ಟೈರು ರಬ್ಬರಿನದು, ಆದ್ದರಿಂದ ಕಾರು ಸುಮ್ಮನೆ ನಿಂತಿರುತ್ತದೆ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಕಾರು ತೊಳೆಯಲು ಬಂದವರು ಮುಟ್ಟುವವರೆಗೆ. ಚಾರ್ಜರಿನ ಒಳಗಿನ ರಕ್ಷಣೆಯೂ ಆಗ ಕೆಲಸ ಮಾಡದು, ಕರೆಂಟು ಅದರ ಕಣ್ಣು ತಪ್ಪಿಸಿ ಅರ್ತ್ ವೈರಿನಲ್ಲೇ ಬಂದಿರುತ್ತದೆ. ವೈರಿಂಗ್ ಸರಿಯಿದ್ದರೂ ಬೋರ್ಡಿನಲ್ಲಿ ನ್ಯೂಟ್ರಲ್ ಸ್ಕ್ರೂ ಸಡಿಲವಾದ ದಿನ ಅಪಾಯ ಬೇರೆ ದಾರಿಯಲ್ಲಿ ಬರುತ್ತದೆ.

ಪತ್ತೆ ಹಚ್ಚುವುದು ಸುಲಭ. ಅಡಾಪ್ಟರ್ ಯಾವುದಕ್ಕೂ ಸೇರಿರಬಾರದು, ಕೈಯಲ್ಲಿರಲಿ. ಮೀಟರನ್ನು ಬೀಪ್ ಬರುವ ಕಡೆಗೆ ತಿರುಗಿಸಿ, ದಪ್ಪ ಪಿನ್ನಿಗೆ ಒಂದು ಪ್ರೋಬ್, ಪಕ್ಕದ ಸಣ್ಣ ಪಿನ್ನಿಗೆ ಇನ್ನೊಂದು. ಎರಡು ಸಣ್ಣ ಪಿನ್ನುಗಳ ಜೊತೆಗೂ ನೋಡಿ. ಬೀಪ್ ಬರಕೂಡದು. ಆಮೇಲೆ ಓಮ್ ರೇಂಜಿಗೆ ಹಾಕಿ ಅದೇ ಜಾಗ ಅಳೆಯಿರಿ. ಪ್ರೋಬುಗಳು ಯಾವುದಕ್ಕೂ ತಾಗದಿದ್ದಾಗ ಮೀಟರ್ ತೋರಿಸುವುದೇ (OL ಅಥವಾ ಬರೀ 1) ಉಳಿಯಬೇಕು, ಬೇರೆ ಯಾವ ಸಂಖ್ಯೆಯೂ ಬರಕೂಡದು. ಬಂದರೆ ಅದು ಸುಳ್ಳು ಹೇಳುವ ಡಬ್ಬಿ. ಅಡಾಪ್ಟರಿನ ದಪ್ಪ ಪಿನ್ನಿನಿಂದ ಅದರದೇ ದಪ್ಪ ತೂತಿಗೆ ಮಾತ್ರ ಬೀಪ್ ಬರಲೇಬೇಕು. ಅಗ್ಗದ ಅಡಾಪ್ಟರುಗಳಲ್ಲಿ ದಪ್ಪ ಪಿನ್ನು ಬರೀ ಅಲಂಕಾರಕ್ಕೆ ಇರುವುದೂ ಉಂಟು.

ಕೆಲವು ಎಲೆಕ್ಟ್ರಿಷಿಯನ್ನರು ಡಬ್ಬಿಯ ಖರ್ಚೂ ಉಳಿಸಲು ಗೋಡೆಯ ಸಾಕೆಟ್ಟಿನ ಒಳಗೇ ಈ ಗಂಟು ಹಾಕಿ ಹೋಗುತ್ತಾರೆ. ಗೀಸರ್ ಹಾಕಿ ನ್ಯೂಟ್ರಲ್–ಅರ್ತ್ ಅಳೆಯಿರಿ. ಭಾರ ಬಿದ್ದಾಗ ಒಂದೆರಡು ವೋಲ್ಟಾದರೂ ಮೇಲೇರುವುದು ಸಹಜ. ಗೀಸರ್, ಕಾರು ಎರಡೂ ಓಡುತ್ತಿದ್ದರೂ ಕದಲದೆ 0.0 ತೋರಿಸಿದರೆ ಸಾಕೆಟ್ ಬಿಚ್ಚಿಸಿ ನೋಡಿ.

ಹಂತ 4: ಮುಟ್ಟಿ ನೋಡಿ

ಚಾರ್ಜ್ ಶುರುವಾಗಿ ಅರ್ಧ ಗಂಟೆಗೆ ನಿಂತುಹೋಗುತ್ತದೆಯಾ? ಅದು ಬಿಸಿ. ಪೋರ್ಟಬಲ್ ಚಾರ್ಜರ್ 15 ಆಂಪ್ಸ್ ಎಳೆಯುತ್ತದೆ ಎನ್ನಿ. ಸಡಿಲ ಪಿನ್ನಿನಲ್ಲಿ 0.1 ಓಮ್ ಅಡ್ಡಿ ಇದ್ದರೂ ಅಲ್ಲಿ 22 ವಾಟ್ ಶಾಖ ಹುಟ್ಟುತ್ತದೆ. ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನು ಪ್ಲಗ್ಗಿನೊಳಗೆ ರಾತ್ರಿಯೆಲ್ಲ ಬಿಟ್ಟ ಹಾಗೆ! ಗೀಸರ್ ಹತ್ತು ನಿಮಿಷ ಓಡುತ್ತದೆ, ಕಾರು ಎಂಟು ಹತ್ತು ಗಂಟೆ.

ಅರ್ಧ ಗಂಟೆಯ ಮೇಲೆ ಕಾರಿನಲ್ಲಿ ಚಾರ್ಜ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಪ್ಲಾಸ್ಟಿಕ್ ಭಾಗ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಿದ್ದರೆ, ಪಿನ್ ಕಂದಾಗಿದ್ದರೆ, ಸಾಕೆಟ್ ಬದಲಿಸಿ. ಐಎಸ್‌ 1293 ಮುದ್ರೆ ಇರುವ 16 ಆಂಪ್ಸ್ ಸಾಕೆಟ್, 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಕಾರಿಗೇ ಬೇರೆ ಎಂಸಿಬಿ, 30 ಮಿಲಿಆಂಪ್ಸ್ ಆರ್‌ಸಿಸಿಬಿ. ಇದರಲ್ಲಿ ಚೌಕಾಸಿ ಬೇಡ. 16ರ ಪ್ಲಗ್ಗನ್ನು 6 ಆಂಪ್ಸ್ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರನ್ನು ನಾನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. ನೆಂಟರ ಮನೆಯಲ್ಲಿ ಬೇರೆ ಗತಿಯಿಲ್ಲ ಎಂದಾದರೆ, ಚಾರ್ಜರಿನಲ್ಲಿ 6 ಆಂಪ್ಸ್ ಸೆಟ್ಟಿಂಗ್ ಇದ್ದರೆ ಮಾತ್ರ ಮುಂದುವರಿಯಿರಿ. ಇಲ್ಲದಿದ್ದರೆ ಊಟ ಮಾಡಿಕೊಂಡು ಸಾರ್ವಜನಿಕ ಚಾರ್ಜರ್ ಹುಡುಕಿ.

ನಿಲ್ಲಿಸುವಾಗಲೂ ಕ್ರಮವಿದೆ: ಮೊದಲು ಕಾರಿನಲ್ಲಿ ನಿಲ್ಲಿಸಿ, ಆಮೇಲೆ ಗನ್ (ಕಾರಿಗೆ ಚುಚ್ಚುವ ತುದಿ), ಆಮೇಲೆ ಸ್ವಿಚ್, ಕೊನೆಗೆ ಪ್ಲಗ್.

ಹಂತ 5: ಹೊರಗಿನ ಚಾರ್ಜರುಗಳಲ್ಲಿ

ಭಾರತ್ ಎಸಿ-001 ಮಾದರಿಯ ಹಳೇ ಸಾರ್ವಜನಿಕ ಚಾರ್ಜಿಂಗ್ ಪಾಯಿಂಟುಗಳಲ್ಲಿ ದುಂಡನೆಯ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಇರುತ್ತದೆ. ಅದಕ್ಕೆ ಹೊಂದುವ ಅಡಾಪ್ಟರ್ ಇಟ್ಟುಕೊಳ್ಳುವುದು ತಪ್ಪಲ್ಲ, ನನ್ನ ಡಿಕ್ಕಿಯಲ್ಲೂ ಒಂದಿದೆ. ಆ್ಯಪ್ ಇರುವ ಕಡೆ ಅದರಲ್ಲಿ ಶುರು ಮಾಡಿದ ಮೇಲೇ ಕರೆಂಟು ಬರುವುದು. ಅಷ್ಟರೊಳಗೆ ಅಡಾಪ್ಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಟೈಪ್ 2 (ಕಾರಿನ ಎಸಿ ಚಾರ್ಜಿಂಗಿನ ಕನೆಕ್ಟರ್ ಮಾದರಿ) ಎಕ್ಸ್‌ಟೆನ್ಷನ್ ಕೇಬಲ್ ಹಾಕಿದಾಗ ಕಾರು ಗುರುತೇ ಹಿಡಿಯದಿದ್ದರೆ ಕನೆಕ್ಟರಿನ ಮೇಲಿನ ಎರಡು ಸಣ್ಣ ಪಿನ್ನುಗಳನ್ನು ನೋಡಿ, ಒಳಗೆ ಸರಿದಿರುತ್ತವೆ ಅಥವಾ ಧೂಳು ತುಂಬಿರುತ್ತದೆ. ಒಂದರಲ್ಲಿ ಕಾರೂ ಚಾರ್ಜರೂ ಮಾತಾಡಿಕೊಳ್ಳುತ್ತವೆ. ಇನ್ನೊಂದು ಕೇಬಲ್ಲಿನ ತಾಕತ್ತು ಹೇಳುತ್ತದೆ. ಆ ಪಿನ್ನಿಗೂ ನಡುವಿನ ಅರ್ತಿಗೂ 680 ಓಮ್ ಬಂದರೆ 20 ಆಂಪ್ಸ್ ಕೇಬಲ್, 220 ಬಂದರೆ 32. ತೆಳ್ಳನೆಯ ವೈರು ಹಾಕಿ 220ರ ರೆಸಿಸ್ಟರ್ ಕೂರಿಸಿದವರೂ ಇದ್ದಾರೆ. ಇದೂ ಅದೇ ಜಾತಿಯ ಸುಳ್ಳು. 32 ಆಂಪ್ಸ್ ಎನ್ನುವ ಕೇಬಲ್ಲಿನ ಮೇಲೆ 6 ಸ್ಕ್ವೇರ್ ಎಂಎಂ ಎಂದು ಅಚ್ಚಾಗಿರದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಡಿಸಿ ಫಾಸ್ಟ್ ಚಾರ್ಜಿಂಗಿಗೆ ಹೊರಗಿನ ಅಡಾಪ್ಟರ್? ಬೇಡ. ಅಲ್ಲಿ ನೂರಾರು ವೋಲ್ಟ್ ಸೀದಾ ಬ್ಯಾಟರಿಗೆ ಹೋಗುತ್ತದೆ. ರಿಪೇರಿ ಮಾತಂತೂ ಇಲ್ಲವೇ ಇಲ್ಲ.

ಹಂತ 3ರಲ್ಲಿ ಸಿಕ್ಕಿಬಿದ್ದ ಡಬ್ಬಿಯನ್ನು ಹಾಗೇ ಕಸಕ್ಕೆ ಹಾಕಬೇಡಿ. ನಾನು ಹಾಗೆ ಎಸೆದ ಮೊದಲನೆಯದು ವಾರ ಕಳೆದು ವಾಚ್‌ಮನ್ ರೂಮಿನ ಹೀಟರಿಗೆ ಸಿಕ್ಕಿಸಿಕೊಂಡು ಕೂತಿತ್ತು. ಪಿನ್ನುಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ, ಆಮೇಲೆ ಎಸೆಯಿರಿ.