ಇದ್ದ ಲೆನ್ಸುಗಳಿಗೆ ಹೊಂದುವ ರೀಲ್ ಕ್ಯಾಮೆರಾ: ನನ್ನ ಅನುಭವ

ಚಿತ್ರದುರ್ಗದಲ್ಲಿ ಮದುವೆ, ಗೃಹಪ್ರವೇಶಗಳ ಫೋಟೊ ತೆಗೆಯುವ ನನ್ನ ಬಳಿ ನಿಕಾನ್ ಡಿ750 ಕ್ಯಾಮೆರಾವೂ ಮೂರು ಲೆನ್ಸುಗಳೂ ಇವೆ: 50 ಎಂಎಂ 1.8ಜಿ, 70-300 ವಿಆರ್ (ಕೈನಡುಕದ ಪರಿಣಾಮ ತಗ್ಗಿಸುವ ವ್ಯವಸ್ಥೆ ಇರುವುದು), ಹಳೆಯ ಕ್ಯಾಮೆರಾದ ಜೊತೆ ಬಂದಿದ್ದ 35 ಎಂಎಂ ಡಿಎಕ್ಸ್. ಕೋಟೆಯನ್ನು ರೀಲಿನಲ್ಲಿಯೂ ಸೆರೆಹಿಡಿಯಬೇಕೆಂಬ ಆಸೆ ಹುಟ್ಟಿದಾಗ, ಬಾಡಿಯನ್ನು ಮಾತ್ರ ಕೊಳ್ಳುವುದು, ಲೆನ್ಸಿಗೆ ಒಂದು ರೂಪಾಯಿಯನ್ನೂ ಹಾಕದಿರುವುದು ಎಂದು ನಿರ್ಧರಿಸಿದೆ.

ಸ್ಟುಡಿಯೊ ನಡೆಸಿದ ಹಿರಿಯರೆಲ್ಲ ನಿಕಾನಿನ ಹಳೆಯ ಮ್ಯಾನ್ಯುಯಲ್ ರೀಲ್ ಕ್ಯಾಮೆರಾ ಎಫ್‌ಎಂ2 ಹೆಸರನ್ನೇ ಹೇಳಿದರು. ನಿಕಾನ್‌ನ ಎಫ್ ಮೌಂಟ್ (ಬಾಡಿಗೆ ಲೆನ್ಸು ಕೂರುವ ಜೋಡಣೆ) 1959ರಿಂದ ಬಂದಿರುವುದರಿಂದ ನನ್ನ 50 ಎಂಎಂ ಅದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಜಿ ಲೆನ್ಸಿನಲ್ಲಿ ಅಪರ್ಚರ್ ರಿಂಗ್, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ, ಇಲ್ಲ. ಲೆನ್ಸನ್ನು ತಿರುವಿ ಹಿಂಭಾಗದ ಪುಟ್ಟ ಲಿವರನ್ನು ಉಗುರಿನಿಂದ ಸರಿಸಿದರೆ ಎಸಳುಗಳು ತೆರೆದುಕೊಳ್ಳುತ್ತವೆ, ಬಿಟ್ಟ ಕೂಡಲೇ ಅತಿ ಸಣ್ಣ ಕಿಂಡಿಯಾದ ಎಫ್ 16ಕ್ಕೆ ಮುಚ್ಚಿಕೊಳ್ಳುತ್ತವೆ. ಎಫ್‌ಎಂ2ರಂಥ ಬಾಡಿಗೆ ಆ ಲಿವರನ್ನು ನಡುವೆ ಎಲ್ಲಿಯೂ ನಿಲ್ಲಿಸುವ ಉಪಾಯ ಗೊತ್ತಿಲ್ಲ. ವ್ಯೂಫೈಂಡರಿನಲ್ಲಿ ದೃಶ್ಯ ಬೆಳ್ಳಗೆ ಕಂಡರೂ ಪ್ರತಿಯೊಂದು ಚಿತ್ರವೂ ಎಫ್ 16ರಲ್ಲಿಯೇ ಬೀಳುತ್ತದೆ. ಎಷ್ಟೇ ಚೆಂದದ ಕ್ಯಾಮೆರಾ ಆದರೂ ನನಗೆ ಅದು ಉಪಯೋಗಕ್ಕಿಲ್ಲ.

ಹಾಗಾಗಿ ಬಾಡಿಯ ಚಕ್ರದಿಂದಲೇ ಅಪರ್ಚರ್ ನಿಯಂತ್ರಿಸುವ, ಲೆನ್ಸಿನೊಳಗಿನ ಮೋಟಾರನ್ನೂ ವಿಆರನ್ನೂ ನಡೆಸಬಲ್ಲ ನಿಕಾನಿನ ರೀಲ್ ಕ್ಯಾಮೆರಾಗಳಾದ ಎಫ್80 ಮತ್ತು ಎಫ್100 ನನ್ನ ಮುಂದೆ ಉಳಿದವು. ವಿಆರ್ ಐಷಾರಾಮವಲ್ಲ: ಡಿಜಿಟಲ್‌ನಲ್ಲಿ ಬೆಳಕು ಇಳಿದಂತೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಬಹುದು, 400ರ ರೀಲು ಹಾಕಿದ ಮೇಲೆ ಅದು ಮುಗಿಯುವವರೆಗೆ 400ರಲ್ಲಿಯೇ ಇರಬೇಕು. ಸಂಜೆ ಎದುರು ಗುಡ್ಡದ ಬತೇರಿಯನ್ನು (ಕೋಟೆಯ ಬುರುಜು) 300 ಎಂಎಂನಲ್ಲಿ ಕೈಯಲ್ಲಿ ಹಿಡಿದೇ ತೆಗೆಯುವವನಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ಎಫ್100 ಗಟ್ಟಿಮುಟ್ಟು, ಎಲ್ಲೆಡೆ ಸಿಗುವ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ನಡೆಯುತ್ತದೆ, ಹಳೆಯ ಮ್ಯಾನ್ಯುಯಲ್ ಲೆನ್ಸುಗಳೊಂದಿಗೂ ಬೆಳಕು ಅಳೆಯುತ್ತದೆ. ತೂಕ ಮಾತ್ರ 785 ಗ್ರಾಂ. ಎಫ್80 515 ಗ್ರಾಂ, ಹಳೆಯ ಲೆನ್ಸು ಹಾಕಿದರೆ ಅದರ ಮೀಟರ್ ಸುಮ್ಮನಾಗುತ್ತದೆ. ನನ್ನಲ್ಲಿ ಅಂಥ ಲೆನ್ಸೇ ಇಲ್ಲದ್ದರಿಂದ, ಡಿ750ರ ಜೊತೆಗೆ ಹೊತ್ತು ಕೋಟೆ ಹತ್ತಲು ಎಫ್80 ಸಾಕೆನಿಸಿತು.

ದಾವಣಗೆರೆಯ ಒಬ್ಬರಲ್ಲಿ ಹಳೆಯ ಎಫ್80 ಒಂದು ಮಾರಾಟಕ್ಕಿರುವುದು ತಿಳಿದು, ಲೆನ್ಸುಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ರೀಲಿಲ್ಲದ ಬಾಡಿಗೆ 50 ಎಂಎಂ ಹಾಕಿ, ಶಟರ್ ಒಂದು ಸೆಕೆಂಡಿಗೆ ಇಟ್ಟು, ಹಿಂಬಾಗಿಲು ತೆರೆದು ಕಿಟಕಿಯತ್ತ ಹಿಡಿದು ಒತ್ತಿದೆ. ಎಫ್ 2ರಲ್ಲಿ ಅಗಲವಾದ ಬೆಳಕಿನ ವೃತ್ತ, ಎಫ್ 11ರಲ್ಲಿ ಕಡಲೆ ಕಾಳಿನಷ್ಟು ಕಿಂಡಿ ಕಂಡಿತು. "ರೀಲಿಲ್ಲದೆ ಏನು ನೋಡ್ತೀರಿ ಸಾರ್?" ಎಂದವರಿಗೂ ಅದನ್ನೇ ತೋರಿಸಿದೆ. 70-300 ಹಾಕಿ ಬಟನ್ ಅರ್ಧ ಒತ್ತಿದಾಗ ನಡುಗುತ್ತಿದ್ದ ದೃಶ್ಯ ನಿಂತಿತು. ಹಿಂಬಾಗಿಲಿನ ರಬ್ಬರ್ ಲೇಪ ಅಂಟಂಟಾಗಿತ್ತು. ಈ ಮಾದರಿಯಲ್ಲಿ ಇದು ಸಾಮಾನ್ಯ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಹೋಗುತ್ತದೆ. ಆ ನೆಪದಲ್ಲಿ ಬೆಲೆಯೂ ಸ್ವಲ್ಪ ಇಳಿಯಿತು.

ಕ್ಯಾನನ್ ಬಳಸುವವರಿಗೆ ಇಷ್ಟು ತಲೆನೋವಿಲ್ಲ, 1987ರ ನಂತರದ ಇಒಎಸ್ ರೀಲ್ ಬಾಡಿಗಳಿಗೆ ಇಎಫ್ ಲೆನ್ಸುಗಳು ಹೊಂದುತ್ತವೆ; ಇಎಫ್-ಎಸ್ ಮತ್ತು ಆರ್‌ಎಫ್ ಹೊಂದುವುದಿಲ್ಲ. ನಿಕಾನ್‌ನವರು ಲೆನ್ಸಿನ ಮೇಲೆ ಎಎಫ್-ಪಿ ಎಂದೋ, ಎಫ್ ಸಂಖ್ಯೆಯ ಕೊನೆಗೆ ಇ ಎಂದೋ ಇದ್ದರೆ ರೀಲ್ ಕ್ಯಾಮೆರಾದ ಲೆಕ್ಕದಿಂದ ಅದನ್ನು ಬಿಟ್ಟುಬಿಡಬೇಕು. ನನ್ನ 35 ಎಂಎಂ ಡಿಎಕ್ಸ್ ಎಫ್80ರಲ್ಲಿ ಕೆಲಸ ಮಾಡುತ್ತದೆ, ಆದರೆ ಸಣ್ಣ ಸೆನ್ಸರಿಗಾಗಿ ಮಾಡಿದ್ದಾದ್ದರಿಂದ 36×24 ಎಂಎಂ ಚೌಕಟ್ಟಿನ ಮೂಲೆಗಳು ಕಪ್ಪಾಗುತ್ತವೆ. ಇನ್ನು ಎಫ್80 ಬೇಡುವ ಎರಡು ಸಿಆರ್123ಎ ಬ್ಯಾಟರಿಗಳು ನಮ್ಮಲ್ಲಿ ಕೇಳಿದ ಅಂಗಡಿಯಲ್ಲೆಲ್ಲ ಸಿಗುವುದಿಲ್ಲವಾದ್ದರಿಂದ, ಒಂದು ಜೊತೆಯನ್ನು ಮೊದಲೇ ತರಿಸಿ ಚೀಲದಲ್ಲಿಟ್ಟಿರುತ್ತೇನೆ.